ಐದನೇ ತೂತು

ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ.
ಔಲುಯಾರ್ವಿ ಸರೋವರದ ನಟ್ಟನಡುವೆ
ನಾಲ್ಕು ಮಡಚು ಕುರ್ಚಿ, ಒಂದು ಫ್ಲಾಸ್ಕು,
ಮೂವತ್ತೊಂದು ವರ್ಷದಿಂದ ಮುಗಿಯದ ಒಂದು ಜಗಳ:
ಗಿಟಾರ್ ಹಿಡಿದವರಲ್ಲಿ ದೊಡ್ಡವನು ಯಾರು?

ಜಗಳ ಅಂದರೆ ನಮ್ಮ ಕಡೆ ಹೀಗೆ:
ವೇಯೊ ಒಂದು ಹೆಸರು ಹೇಳುತ್ತಾನೆ.
ಹತ್ತು ನಿಮಿಷ ಯಾರೂ ತುಟಿಪಿಟಕ್ಕೆನ್ನುವುದಿಲ್ಲ.
ಆಮೇಲೆ ತಾರ್ಮೊ, ಗಾಳದ ದಾರವನ್ನು ಒಂದು ಗೇಣು ಮೇಲೆಳೆದು,
"ಇಲ್ಲ" ಅನ್ನುತ್ತಾನೆ.
ಅಷ್ಟಕ್ಕೇ ವೇಯೊನ ಕಿವಿ ಟೋಪಿಯೊಳಗೆ ಕೆಂಪಾಗುತ್ತದೆ.

ವೇಯೊ ಹಿಮ ಬಳಿಯುವ ಲಾರಿ ಓಡಿಸುತ್ತಾನೆ, ಗಂಟೆಗೆ ಮೂವತ್ತು ಕಿಲೋಮೀಟರ್.
ಅದಕ್ಕೇ ಇರಬೇಕು, ಅವನ ದೇವರಿಗೆ ವೇಗ ಬೇಕು,
ಒಂದು ಉಸಿರಿಗೆ ಅರವತ್ತು ಸ್ವರ ಉದುರಬೇಕು
ಹರಿದ ಚೀಲದಿಂದ ಕಾಳು ಸುರಿದ ಹಾಗೆ.
ತಾರ್ಮೊಗೆ ಅದೆಲ್ಲ ಜುಟ್ಟಿಗೆ ಮಲ್ಲಿಗೆ;
ಹೊಟ್ಟೆಗೆ ಹಿಟ್ಟೆಲ್ಲಿ?
ಅವನವನು ಬರ್ಮಿಂಗ್‌ಹ್ಯಾಮಿನ ಆ ಎಡಚ,
ತಗಡಿನ ಕಾರ್ಖಾನೆಗೆ ಬೆರಳ ತುದಿ ಕೊಟ್ಟು
ಕರಗಿಸಿದ ಪ್ಲಾಸ್ಟಿಕ್ಕಿನ ಟೊಪ್ಪಿಗೆ ತೊಡಿಸಿಕೊಂಡು
ತಂತಿ ಸಡಿಲಿಸಿ, ನೆಲದಡಿಯಿಂದ ಮಾತಾಡಿಸಿದವನು.
"ನಾನೂ ಗರಗಸದ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ," ಎಂದು
ತಾರ್ಮೊ ಕೈಗವಸು ಕಳಚಿ ತೋರಿಸುತ್ತಾನೆ.
"ಹತ್ತೂ ಇವೆ ನೋಡು. ಏನು ಬಂತು?"

ಸಿರ್ಕು ಹಲ್ಲಿನ ಡಾಕ್ಟರರ ಸಹಾಯಕಿ.
ದಿನವಿಡೀ ಡ್ರಿಲ್ಲಿನ ಕೀರಲು ಕೇಳುವವಳಿಗೆ
ಅರವತ್ತು ಸ್ವರದ ಮೋಹ ಎಲ್ಲಿಂದ ಬರಬೇಕು.
"ನುಡಿಸದೆ ಬಿಟ್ಟ ಜಾಗ ಎಣಿಸಿ," ಅನ್ನುತ್ತಾಳೆ.
ಒಂದೇ ಸ್ವರವನ್ನು ಬಗ್ಗಿಸಿ, ಇನ್ನೂ ಬಗ್ಗಿಸಿ,
ಅದು ಅಳುವುದಕ್ಕೆ ಮುಂಚೆ ಕೈಬಿಡುವವನು ಅವಳವನು.

ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಡ್ರಮ್ಸ್.
ನನ್ನ ಪಾಲಿಗೆ ಬೈರಿಗೆ, ಮಂಜುಗಡ್ಡೆ.
ಪ್ರತಿ ಸಲ ಐದು ತೂತು ಕೊರೆಯುತ್ತೇನೆ.
ಕೂತವರು ನಾಲ್ಕು.
ಅದನ್ನೂ ಯಾರೂ ಕೇಳುವುದಿಲ್ಲ;
ಆಗೊಮ್ಮೆ ಈಗೊಮ್ಮೆ ಯಾರಾದರೂ ಎದ್ದು ಹೋಗಿ
ಐದನೆಯದರ ಮೇಲೆ ಕಟ್ಟಿದ ತೆಳು ಗಾಜನ್ನು
ಸೌಟಿನಿಂದ ಒಡೆದು ಬರುತ್ತಾರೆ.

ನಮ್ಮ ಬ್ಯಾಂಡಿಗೂ ಒಬ್ಬನಿದ್ದ.
ಕಾಯಾನಿಯ ಚರ್ಚಿನ ಸಭಾಂಗಣದಲ್ಲಿ, ಹನ್ನೊಂದು ಜನರೆದುರು
(ಮೂವರು ಪಾದ್ರಿಯ ಮಕ್ಕಳು)
ನಾಚಿಕೆಯಿಂದ ಬೆನ್ನು ತಿರುಗಿಸಿ ನುಡಿಸಿದ.
ಅವನ ಹೆಸರು ಈ ಜಗಳದಲ್ಲಿ ಬರುವುದಿಲ್ಲ.
ಅಷ್ಟು ದೊಡ್ಡವನೇನಲ್ಲ.
ಬಂದರೆ, ಜಗಳ ಅಲ್ಲಿಗೇ ನಿಂತುಬಿಡುತ್ತದೆ.

ಮೂರೂವರೆಗೆ ಕತ್ತಲು.
ಚಳಿ ಇನ್ನೊಂದು ಸುತ್ತು ಬಿಗಿಯಿತು, ಗಿಟಾರಿನ ಕಿವಿ ಹಿಂಡಿದ ಹಾಗೆ.
ವೇಯೊ ಮತ್ತೆ ಬಾಯಿ ತೆರೆದ,
ಆಗ ಸರೋವರ ಕೂಗಿತು.
ಆ ದಡದಿಂದ ಈ ದಡಕ್ಕೆ ಕಾಣದ ಬಿರುಕೊಂದು ಓಡಿ
ಮೊದಲು ಚಾಟಿಯ ಸೀಳು, ಆಮೇಲೆ
ಕೆಳಗೆ, ಇನ್ನೂ ಕೆಳಗೆ ಜಾರುತ್ತ ಒಂದೇ ಸ್ವರ
ಕುರ್ಚಿಯ ಕಾಲಿನಿಂದ ಮಂಡಿಗೆ, ಮಂಡಿಯಿಂದ ಹಲ್ಲಿಗೆ.
ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಳೆ ಬಳೆಯಾಗಿ ನಡುಗಿತು.

ಸಿರ್ಕು ಐದನೇ ತೂತಿನ ಕಡೆ ನೋಡಲಿಲ್ಲ.
ನೋಡುತ್ತಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

"ಶ್ರುತಿ ಸ್ವಲ್ಪ ಇಳಿದಿದೆ," ಅಂದ ತಾರ್ಮೊ, ಬಹಳ ಹೊತ್ತಿನ ಮೇಲೆ.
"ಎರಡನೇ ತಂತಿ," ಅಂದ ವೇಯೊ. "ಯಾವತ್ತೂ ಅದೇ."
"ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ," ಅಂದಳು ಸಿರ್ಕು.

ನನ್ನ ಎರಡು ಬೆರಳು ತಾವಾಗಿಯೇ
ಮಂಡಿಯ ಮೇಲೆ ನಾಲ್ಕು ಎಣಿಸಿದವು, ಶುರುಮಾಡಿ ಅನ್ನುವ ಹಾಗೆ.

ಅಷ್ಟರಲ್ಲಿ ವೇಯೊನ ಗಾಳ ಜಗ್ಗಿತು:
ಅಂಗೈಯಗಲದ ಒಂದು ಮೀನು, ಸಿಟ್ಟಿನಿಂದ ಒದ್ದಾಡುತ್ತ.
ಅದನ್ನು ಬಿಡಿಸುತ್ತ, ತಲೆಯೆತ್ತದೆ,
"ಆದರೂ ವೇಗ..." ಅಂದ.

"ಇಲ್ಲ," ಅಂದ ತಾರ್ಮೊ,
ಈ ಸಲ ಹತ್ತು ನಿಮಿಷ ಕಾಯದೆ.