ಎಮ್ಮೆಕಲ್ಲು

ಸಂಜೆ ಅಂಗಡಿ ತೊಳೆಯುವ ಹೊತ್ತಿಗೆ ಸರಿಯಾಗಿ
ಹೊನ್ನಾಜಮ್ಮ ಬರುತ್ತಾಳೆ, ಕೋಳಿ ಕರುಳಿಗೆ.
ನಿನ್ನೆಯದೇ ಆಗಬೇಕು ಅವಳಿಗೆ,
ಒಂದು ಹಗಲು ಬಿಸಿಲುಂಡು ನಾತ ಬಲಿತದ್ದು.
"ಬಾಳೆಮೀನು ಮೀಸೇಲೇ ರುಚಿ ನೋಡೋದು ಕಣ್ಲಾ ಇಲಿಯಾಸ,
ನಿನ್ ತಾಜಾ ಮಾಲು ಅದುಕ್ಕೆ ಸಪ್ಪೆ."
ದುಡ್ಡಿನ ಮಾತಿಲ್ಲ. ವಾರಕ್ಕೊಮ್ಮೆ
ಬಾಳೆಎಲೆಯಲ್ಲಿ ಸುತ್ತಿದ ಬಾಳೆಮೀನಿನ ತುಂಡು,
ಯಾವಾಗಲೂ ನಡುವಿನದು. ತಲೆ ಅವಳಿಗೆ.

ಕಟ್ಟೆ ತುಂಬಿದ ವರ್ಷ, ಒಂದು ರಾತ್ರಿ
ನಾನೂ ಹೋದೆ ಬೆಳಗೊಳದಿಂದ, ಅವಳ ಹಿಂದೆ,
ಕರುಳಿನ ಚೀಲ ದೂರ ಹಿಡಿದು.
ಮೇಲೆ ಕನ್ನಂಬಾಡಿ ಕಟ್ಟೆ. ಆಚೆ ದಡದಲ್ಲಿ
ಕಾರಂಜಿಗೆ ಹಾಡು ಹಾಕಿದ್ದರು,
ಕೆಂಪು ನೀರಿಗೊಮ್ಮೆ ಹಸಿರು ನೀರಿಗೊಮ್ಮೆ ಜನ ಶಿಳ್ಳೆ ಹೊಡೆಯುತ್ತಿದ್ದರು.
ನಮ್ಮ ಕಡೆಯ ನೀರಿಗೆ ಬಣ್ಣವಿರಲಿಲ್ಲ, ಸದ್ದಿತ್ತು.
ಕಾವಲಿನವನು ಟಾರ್ಚು ಬಿಟ್ಟ,
ಅವಳ ಸೀರೆ ಕಂಡು ಆರಿಸಿದ.

ನೀರಿನ ಬಾಟಲಿಗೆ ಸುತ್ತಿದ ತಂಗೂಸಿ, ನಲವತ್ತು ಮಾರು.
ಕೊಡೆಯ ಕಡ್ಡಿ ಬಗ್ಗಿಸಿ ಉಜ್ಜಿದ ಗಾಳ.
ಭಾರಕ್ಕೆ ಟ್ರ್ಯಾಕ್ಟರಿನ ನಟ್ಟು.
ಎಡಗಣ್ಣಿಗೆ ಪೊರೆ, ಬಲಗಣ್ಣು ಅರ್ಧ,
ಎಸೆದದ್ದು ಎಲ್ಲಿ ಬಿತ್ತೆಂದು ಅವಳು ನೋಡಲೇ ಇಲ್ಲ.
ತೋರುಬೆರಳಿನ ಮೇಲೆ ದಾರ ಹಾಯಿಸಿ
ಎಲೆಯಡಿಕೆ ಬಾಯಿಗಿಟ್ಟುಕೊಂಡಳು.

"ಮೇಲಿಂದ ತೂಬಲ್ಲಿ ಬಿದ್ದ ಸಣ್ಮೀನು
ತಲೆ ತಿರುಗಿ ಮಕಾಡೆ ಬತ್ತವೆ.
ಇಲ್ಲಿ ಗುಂಡೀಲಿ ದೊಡ್ಡದು ಕುಂತಿರ್ತದೆ,
ಮೊದಲ್ನೇ ಪಂಕ್ತಿಗೇ ನುಗ್ಗಿದ ನೆಂಟನಂಗೆ."

ನೀರು ಎಳೆದದ್ದೋ ಮೀನು ಎಳೆದದ್ದೋ
ಹೇಗೆ ಗೊತ್ತಾಗುತ್ತದೆ ಎಂದೆ.
ಬೆರಳು ಅಲುಗಿಸದೆ ಹೇಳಿದಳು:
"ನೀರು ಒಂದೇ ಸಮ ಎಳೀತದೆ.
ಮೀನು ಯೋಚ್ನೆ ಮಾಡ್ತದೆ."

ಹೊಳೆಯ ನಡುವೆ ಒಂದು ಕಲ್ಲು, ಎಮ್ಮೆ ಮಲಗಿದ ಹಾಗೆ.
ಬೆನ್ನು ಕಂಡರೆ ಕೂರಬಹುದು,
ಕೊಂಬು ಮಾತ್ರ ಕಂಡರೆ ಏಳಬೇಕು.
ಟಿವಿಯವರ ಕ್ಯೂಸೆಕ್ಸು ಅವಳಿಗೆ ಬೇಡ.
ಆದರೆ ಆ ರಾತ್ರಿ ಕಲ್ಲು ನೋಡುವ ಕೆಲಸ ನನ್ನದಾಗಿತ್ತು,
ನಾನು ಕಾರಂಜಿ ನೋಡುತ್ತಿದ್ದೆ.

ಬೆರಳು ನೆಟ್ಟಗಾಯಿತು.
ಬಾಯಿಯ ಎಲೆಯಡಿಕೆ ನಿಂತಿತು.
ದಾರ ಒಂದು ಗೇಣು ಹೋಯಿತು, ನಿಂತಿತು,
ಮತ್ತೆ ಅರ್ಧ ಗೇಣು,
ಆಮೇಲೆ ಯಾರೋ ಕೆಳಗೆ ಬಾಗಿಲು ಹಾಕಿಕೊಂಡಂತೆ
ಧಡ್ಡನೆ.

ಆಗಲೇ ಸೈರನ್ನು.
ಮೂರು ಸಲ ಕೂಗಿ, ತಡೆದು, ಇನ್ನೊಂದು ಸಲ.
ತಿರುಗಿ ನೋಡಿದರೆ ಎಮ್ಮೆ ಇರಲಿಲ್ಲ,
ಕೊಂಬೂ ಇರಲಿಲ್ಲ.
ದಾರ ಕಡಿ ಅಜ್ಜಿ, ಎಂದು ಕಿರುಚಿದೆ,
ಮಾಂಸ ಕಡಿಯುವವನಿಗೆ ಬರುವ ಮಾತು ಅದೊಂದೇ.

ಅವಳು ಕಡಿಯಲಿಲ್ಲ. ಎದ್ದು,
ಹಿಂದೆ ಹಿಂದೆ ದಡ ಹತ್ತುತ್ತ
ದಾರ ಬಿಡುತ್ತ ಬಂದಳು, ಬಿಡುತ್ತ, ಬಿಡುತ್ತ.
ಬಾಟಲಿ ಗಿರಗಿರನೆ ಬರಿದಾಗಿ
ಕೊನೆಯ ಗಂಟು ಕೈಗೆ ಸಿಕ್ಕಿತು.
ಕಾಲಿಗೆ ನೊರೆ ಬಂದಿತ್ತು.
ಬೆರಳು ಕುಯ್ದು ರಕ್ತ, ಕತ್ತಲಲ್ಲಿ ಕಪ್ಪಗೆ.
ಅಂಗೈ ತೆರೆದಳು.

ಇದನ್ನು ಯಾರಿಗೂ ಹೇಳಿಲ್ಲ, ನಂಬುವುದಿಲ್ಲ:
ಮರದ ಕೊಂಬೆ, ಚಪ್ಪಲಿ, ಹೂವಿನ ಹಾರ,
ಹೊಳೆಯಲ್ಲಿದ್ದದ್ದೆಲ್ಲ ಶ್ರೀರಂಗಪಟ್ಟಣದ ಕಡೆಗೆ ಓಡುತ್ತಿರುವಾಗ
ಒಂದು ಖಾಲಿ ಬಾಟಲಿ
ಮುಳುಗಿ, ಎದ್ದು, ಮುಳುಗಿ,
ಕಟ್ಟೆಯ ಕಡೆಗೆ ಹೋಗುತ್ತಿತ್ತು.

ಮಾರನೆಯ ದಿನ ಪೇಪರಿನಲ್ಲಿ ಹೊರಹರಿವಿನ ಅಂಕಿ.
ಅದೇ ಹಾಳೆ ಹರಿದು ಕರುಳು ಕಟ್ಟಿದೆ ಸಂಜೆ.
ಅವಳ ಬೆರಳಿಗೆ ಅರಿಶಿನದ ಬಟ್ಟೆ,
ಕಂಕುಳಲ್ಲಿ ಹೊಸ ಬಾಟಲಿ.
ಪೊಟ್ಟಣ ತೂಗಿ ನೋಡಿ, ವಾಪಸು ನೀಡಿದಳು:
"ಲಿವರ್ ಒಂದ್ ಚೂರು ಸೇರ್ಸ್ಲಾ.
ರಾತ್ರಿಯೆಲ್ಲಾ ಈಜಿರ್ತದೆ."