ಅವರ ಎಡ

ಇಪ್ಪತ್ತೆರಡು ವರ್ಷ ಆತು, ನವನಗರದ ಕಾಲೇಜಿನ ಉದ್ದನ್ನ ಹಾಲಿನ್ಯಾಗ
ಟೇಬಲ್ ಒರಸಾಂವ ನಾನು.
ಫಾರ್ಮಾಲಿನ್ ವಾಸನಿ ಅಂಗಿಗೆ ಗುಂಡಿ ಇದ್ಹಂಗ ನನಗ.
ವರ್ಷಾ ಮೊದಲನೇ ಪಾಠ ಅದ. ಬಾಯಿಪಾಠ ಆಗೇತಿ.

ಹೂಲಗೇರಿ ಮೇಡಂ ಹೇಳತಾರ:
ಮಲಗಿದಾವರನ್ನ ಮಲಗ್ಯಾರ ಅನಬ್ಯಾಡ್ರಿ, ನಿಂತಾರ ಅನ್ರಿ.
ಮಾರಿ ಮುಂದ, ಕಣ್ಣು ದೂರಕ್ಕ, ಪಾದ ಜೋಡಿ,
ಕೈ ಇಳಿಬಿಟ್ಟಾರ, ಅಂಗೈ ಮುಂದಕ್ಕ ತೋರ್ಸ್ಯಾರ.
ಮ್ಯಾಲ ಅಂದ್ರ ಫ್ಯಾನ್ ಅಲ್ಲ, ತಲಿ ಕಡೆ.
ಕೆಳಗ ಅಂದ್ರ ಫರಸಿ ಅಲ್ಲ, ಕಾಲಿನ ಕಡೆ.
ಎಡ ಅಂದ್ರ ಅವರ ಎಡ.
ನಿಮ್ಮದಲ್ಲ.

ಖಂಜಿ ಹಾಕಿದ ಬಿಳಿ ಕೋಟಿನ ಹುಡುಗರು
ಐದ ಮಿನಿಟಿಗೆ ಮರೀತಾವ.
ಹುನಗುಂದದಾಂವ ಒಬ್ಬ, ಬೆನ್ನೂರ ಅಂತ,
ಪಿತ್ತಜನಕಾಂಗ ಎಡಕ್ಕೈತಿ ಮೇಡಂ, ಅಂದ.
ಬಕೆಟ್ ಹಿಡಕೊಂಡು ಹಿಂದ ನಿಂತಾಂವ ನಾನು
ಸಣ್ಣಗ ಅಂದೆ: ಅವರಾಗಿ ನೋಡಪಾ ತಮ್ಮಾ.

ಸೀಳೂದು ಹೆಂಗಂತ ತೋರಸಾಕ ಮೇಡಂ ಸವತಿಕಾಯಿ ತರತಾರ, ಮೂರು.
ಒಂದು ಎಡ ಬಲ ಆಗೂಹಂಗ ಉದ್ದಕ: ಸಜಿಟಲ್.
ಒಂದು ಹೊಟ್ಟಿ ಬೆನ್ನು ಬ್ಯಾರೆ ಆಗೂಹಂಗ: ಕೊರೋನಲ್.
ಒಂದು ಅಡ್ಡಕ, ಪಚಡಿಗೆ ಹೆಚ್ಚಿದ್ಹಂಗ. ಅದರ ಹೆಸರು ನನ್ನ ನಾಲಗಿಗೆ ಹೊಳ್ಳಂಗಿಲ್ಲ.
ಮಧ್ಯಾಹ್ನ ಉಪ್ಪು ಹಚ್ಚಿ ಮೂರೂ ನಾನ ತಿಂತೇನಿ.
ನಟ್ಟನಡುವಿನ ಗೆರಿ ಅಂತೀವಲ್ಲ, ಅಂತಾರ ಮೇಡಂ,
ಮಾಂಸದಾಗ ಅದು ಯಾರಿಗೂ ಸಿಕ್ಕಿಲ್ಲ. ಬರೇ ನಮ್ಮ ಲೆಕ್ಕಕ್ಕ.

ನಮ್ಮ ಗುರಸಿದ್ದಿಗೆ ಸಿಕ್ಕಿತು.
ಹೋದ ಮಾಘದಾಗ, ರೊಟ್ಟಿ ಬಡಿಯೂ ಹೊತ್ತಿಗೆ.
ಹಣಿ, ಮೂಗು, ಗದ್ದ, ಹೊಕ್ಕಳ,
ದಾರ ಹಿಡದು ಎಳದಂಗ ಗೆರಿ ಮೂಡಿತು ಮೈಯಾಗ.
ಆಚಿಗೆ ಆಕಿ ಇದ್ದಳು, ಈಚಿಗೆ ಇರಲಿಲ್ಲ.
ಪರಾತದಾಗ ಅರ್ಧ ಬಡದ ರೊಟ್ಟಿ, ಅದರ ಮ್ಯಾಲ ಬಲಗೈಯಿನ ಐದ ಬೆರಳು.

ತಲ್ಯಾಗ ಎಡಕ್ಕ ರಕ್ತ ನಿಂತ್ರ ಬಲಗೈ ಮಲಗತೈತಿ,
ಮೇಡಂ ನನಗಂತನ ಚಾಕ್ ಹಿಡದು ಬೋರ್ಡಿಗೆ ಬರದು ತೋರ್ಸಿದ್ರು.
ಆವತ್ತು ಹಾಲಿನ್ಯಾಗ ನಾವಿಬ್ಬರ,
ಮತ್ತ ನಿಂತಾವರು ಆರು ಮಂದಿ.

ಈಗ ಮುಂಜಾನೆ ಕುಬಸ ತೊಡಸೂದು ನನ್ನ ಕೆಲಸ.
ಬಿದ್ದ ಕೈ ಮೊದಲ ಹಾಕಬೇಕು.
ಎದುರಿಗೆ ಕುಂತು, ಬಲಗೈ ಕೊಡು ಅಂದು, ಹಿಡಿಯೂದು ಎಡಗೈ.
ಅರ್ಧ ಬಾಯಿಲೆ ನಗತಾಳ ಗುರಸಿದ್ದಿ:
ಇಪ್ಪತ್ತೆಲ್ಡು ವರ್ಸ ಏನ್ ಕಲತೀರಿ?
ಮಾತು ತೊದಲತೈತಿ, ಚುಚ್ಚೂದು ತೊದಲಿಲ್ಲ.

ಸೆಕ್ಟರ್ ನಂಬರ್ ಆಕಿಗೆ ಎಂದೂ ಹತ್ತಲಿಲ್ಲ.
ಯಾರರೆ ದಾರಿ ಕೇಳಿದ್ರ
ಕಿಲ್ಲಾದ ಅಗಸಿ ದಾಟಿ ಬಲಕ್ಕ ಹೊಳ್ಳರಿ ಅಂತಾಳ ಇವತ್ತಿಗೂ.
ಆ ಓಣಿ ಹಿನ್ನೀರಿನ್ಯಾಗ ಹೋಗಿ ಎಷ್ಟೋ ವರ್ಷ ಆತು.
ಮಲಗಿದ್ದನ್ನ ನಿಂತೈತಿ ಅನ್ನೂದು
ಆಕಿಗೆ ಯಾವ ಮೇಡಮ್ಮೂ ಕಲಸಿಲ್ಲ.

ಎದ್ದು ಸುತ್ತು ಹಾಕಿ ಬೆನ್ನಿಗೆ ಹೋಗಿ ಕುಂದರತೇನಿ.
ಇಬ್ಬರದೂ ಮಾರಿ ಕಿಡಕಿಗೆ, ಹೊರಗಿನ ನೀರಿನ ಟಾಕಿಗೆ.
ಈಗ ಆಕಿ ಬಲ ನನ್ನ ಬಲ.
ಬೋರಲ ಬಿದ್ದ ಆ ಕೈ ಹಿಡದು ಮೆಲ್ಲಕ ತಿರವತೇನಿ.
ಒಳಗ ಮುಂಗೈಯಿನ ಎರಡು ಎಲುವು
ಒಂದ ಕೌದ್ಯಾಗ ಅಣ್ಣನ ಮ್ಯಾಲ ತಮ್ಮ ಕಾಲು ಹಾಕಿ ಮಲಗಿದ್ಹಂಗ ಇರತಾವ.
ಅಂಗೈ ಮುಂದಾತಂದ್ರ ಕಾಲು ತಗದು ಬಾಜೂಕ ಬರತಾವ.
ಬಿಟ್ಟ ಕೂಡ್ಲೆ ಮತ್ತ ಬೋರಲ.

ಹತ್ತು ಸಲ ಅಂದಾನ ಫಿಸಿಯೋ ಹುಡುಗ.
ಏಳು ಆದುವು.
ಎಣಸಬ್ಯಾಡ್ರಿ, ಅಂತಾಳ,
ಒಲಿ ಮ್ಯಾಲ ಹಾಲು ಉಕ್ಕಾಕತ್ತೈತಿ,
ನಿಮ್ಮ ಎಡಕ್ಕ.