ಸ್ಪಂಜಿನ ಬಂಡೆ

ನಮ್ಮೂರ ಸ್ಲೇಟು ಗಣಿಯೇ ಆಗ ಎಲ್ಲ ಗ್ರಹ.
ಮೊದಲ ವಾರ ಮರಳು ಕುದಿಯುವ ಗ್ರಹ,
ಎರಡನೆಯ ವಾರ ಹಲ್ಲಿಮೂತಿಯವರ ರಾಜಧಾನಿ,
ಆಮೇಲೆ, ಲೈಟಿಗೆ ನೀಲಿ ಹಾಳೆ ಸುತ್ತಿ,
ಹೆಸರೇ ಇಡದ ಒಂದು ಚಂದ್ರ.
ಮಳೆ ಮಾತ್ರ ವೇಲ್ಸಿನದೇ. ಅದನ್ನು ಮುಚ್ಚಿಡಲು ಯಾರಿಗೂ ಆಗಲಿಲ್ಲ.

ಹಲ್ಲಿಮೂತಿಯವರು ಕಡಿಮೆ ಬಿದ್ದ ದಿನ
ಅಣ್ಣ ಇದ್ವಾಲ್‌ಗೂ ಒಂದು ಮುಖವಾಡ ಸಿಕ್ಕಿತು.
ನಾಲ್ಕು ಪೌಂಡು, ಒಂದು ಮಟನ್ ಪೈ,
ಜೊತೆಗೆ ಕದ್ದು ತಂದ ಬಂಡೆ:
ಸ್ಪಂಜಿನದು, ಬೂದು ಬಣ್ಣ ಬಳಿದದ್ದು,
ಕುರಿಮರಿಯಷ್ಟು ದಪ್ಪ, ಅದರ ಕಿವಿಯಷ್ಟು ಹಗುರ.
ಬೆನ್ನು ಬಗ್ಗಿಸಿ ಉಸ್ಸೆನ್ನುತ್ತ ಅಪ್ಪನೆದುರು ಇಳಿಸಿದ.
ಕಲ್ಲು ಬಿಟ್ಟು ಬೇರೇನೂ ಬೆಳೆಯದ ಊರಿಗೆ
ಲಂಡನ್ನಿನಿಂದ ಲಾರಿಯಲ್ಲಿ ಕಲ್ಲು ತಂದಿದ್ದರು!
ಆ ವರ್ಷ ಅಪ್ಪ ನಕ್ಕದ್ದು ಅದೊಂದೇ ಸಲ,
ಅದೂ ಕೆಮ್ಮು ಬರುವ ತನಕ.

ಆಮೇಲೆ ಇಸಾರಾ ಸತ್ತಳು.
ಹಡಗಿನ ದಾರಿಗಾತಿ. ನಾಲ್ಕನೆಯ ಸರಣಿ, ಕೊನೆಯ ಕಂತು.
ಕಿಟಕಿಯಾಚೆ ಗಾಳಿಯಿಲ್ಲದ ಕತ್ತಲು,
ಈಚೆ ಇಬ್ಬರು, ಉಸಿರಿನ ಚೀಲ ಒಂದೇ.
ನಳಿಗೆ ಬಿಚ್ಚಿ ಹುಡುಗನ ಕೈಗೆ ಕೊಟ್ಟು
"ಲೆಕ್ಕ ಸರಿಯಿದೆ" ಅಂದಳು, ಅಷ್ಟೇ.
ಹಿಂದೆ ಸಂಗೀತವಿಲ್ಲ. ದುಡ್ಡು ಮುಗಿದಿತ್ತಂತೆ, ಆಮೇಲೆ ತಿಳಿಯಿತು.
ಅಮ್ಮ ಹೆಣಿಗೆ ನಿಲ್ಲಿಸಿದಳು.
ಗೋಡೆಯಾಚೆ ಪಕ್ಕದ ಮನೆಯವರು ಸುಮ್ಮನಾದದ್ದೂ ಕೇಳಿಸಿತು.

ಎರಡು ಚಳಿಗಾಲ ಕಳೆದು, ಇದ್ವಾಲ್.
ಚಾಪೆಲ್ಲಿನ ತಿರುವು, ಬೈಕು, ಹೆಪ್ಪುಗಟ್ಟಿದ ರಸ್ತೆ.
ಪಾದ್ರಿ ಏನೇನೋ ಹೇಳಿದರು.
ನನಗೆ ಹಿಡಿಯಲು ಸಿಕ್ಕ ಮಾತು ಒಂದೇ: ಲೆಕ್ಕ ಸರಿಯಿದೆ.
ಸರಿಯಿರಲಿಲ್ಲ. ಆದರೂ ಹಿಡಿದುಕೊಂಡೆ.

ಮೂವತ್ತೊಂಬತ್ತು ವರ್ಷ.
ಐವರು ಕ್ಯಾಪ್ಟನ್‌ಗಳು ಬಂದು ಹೋದರು,
ಮೂವರು ಸಹಿಸುವಂಥವರು.
ನಡುವೆ ಧಾರಾವಾಹಿ ನಿಂತೇ ಹೋಗಿ ಹನ್ನೆರಡು ವರ್ಷ ಮಲಗಿತ್ತು;
ಆಗ ನಾವು ಆರು ಮಂದಿ, ಚಿಪ್ಸ್ ಅಂಗಡಿಯ ಮಾಳಿಗೆಯಲ್ಲಿ
ಹಳೆಯ ಟೇಪು ಸವೆಸಿ ಸವೆಸಿ ಅದರ ಜೀವ ಹಿಡಿದಿಟ್ಟೆವು.
ಟೆಗ್ವೆನ್ ಹಡಗಿನ ನಕ್ಷೆಯನ್ನು ಮೇಜುಬಟ್ಟೆಗೆ ಕಸೂತಿ ಹಾಕಿದಳು.
ಗೆಥಿನ್ ಮಗಳಿಗೆ ಇಸಾರಾ ಎಂದೇ ಹೆಸರಿಟ್ಟು
ಅತ್ತೆಯೊಂದಿಗೆ ಮಾತು ಕೆಡಿಸಿಕೊಂಡ.

ಕಳೆದ ಶನಿವಾರ ಬಂದಳು.
ಬೇರೆ ನಟಿ, ಅದೇ ಕೂದಲು.
ಸಾಯಲೇ ಇಲ್ಲವಂತೆ. ಕಾಲದ ಮಡಿಕೆಯೊಂದರಲ್ಲಿ
ಯಾರೋ ಅವಳ ನಕಲು ತೆಗೆದಿಟ್ಟಿದ್ದರಂತೆ.
ವಯಲಿನ್ನುಗಳು ಶುರುವಾದವು,
ನಾವು ಅಳಬೇಕಾದ ಜಾಗ ತೋರಿಸಲು.
ಹಿಂದೆ ಕಂಪ್ಯೂಟರಿನಲ್ಲಿ ಬೆಳೆದ ಗ್ರಹ, ಎರಡು ಸೂರ್ಯ,
ಎಲ್ಲೂ ಒಂದು ಹನಿ ಮಳೆಯಿಲ್ಲ.
ಈಗ ಮುದುಕನಾದ ಆ ಹುಡುಗನ ಕೆನ್ನೆ ತಟ್ಟಿ ಹೇಳಿದಳು:
"ಅವತ್ತು ಲೆಕ್ಕ ತಪ್ಪಿತ್ತು ಕಣೋ."

ಟೆಗ್ವೆನ್ ಮೇಜುಬಟ್ಟೆ ಮಡಿಸತೊಡಗಿದಳು.
ಅದರ ಮೇಲೆ ಇನ್ನೂ ತಟ್ಟೆಗಳಿದ್ದವು.
ಗೆಥಿನ್‌ನ ಮಗಳು, ಈಗ ಆಸ್ಪತ್ರೆಯಲ್ಲಿ ನರ್ಸು,
"ಬದುಕಿದಳಲ್ಲ, ಒಳ್ಳೆಯದೇ ಆಯ್ತು" ಅಂದಳು.
ಹುಡುಗಿ ತಪ್ಪೇನೂ ಹೇಳಲಿಲ್ಲ.
ವಾರಕ್ಕೆರಡು ಸಲ ಬಿಳಿ ಬಟ್ಟೆ ಎಳೆದು ಮುಖ ಮುಚ್ಚುವವಳು,
ಒಬ್ಬಳಾದರೂ ಎದ್ದು ಬರಲಿ ಅನ್ನಿಸಿರಬೇಕು.

ನನಗೆ ಮಾತ್ರ ಮೈ ಉರಿಯಿತು.
ಮೂತಿ ಕಳಚಿ ಬಿದ್ದಾಗ ನಕ್ಕು ಸುಮ್ಮನಿದ್ದೆವು,
ಅಲುಗುವ ಗೋಡೆ, ಗಾಳದ ದಾರದಲ್ಲಿ ತೂಗುವ ಹಡಗು,
ಎಲ್ಲ ಹೊಟ್ಟೆಗೆ ಹಾಕಿಕೊಂಡೆವು.
ಅವರ ಪೊಳ್ಳು ಕಲ್ಲಿಗೆ ಭಾರ ತುಂಬಿದವರು ನಾವು.
ಒಂದು ಸಾವನ್ನು ಅದರ ಪಾಡಿಗೆ ಬಿಡಿ ಅಂದದ್ದು ಹೆಚ್ಚಾಯಿತೇ?

ಮನೆಗೆ ಬಂದೆ. ಬಾಗಿಲಿಗೆ ಒತ್ತಿಟ್ಟಿದ್ದ ಬಂಡೆ
ಗಾಳಿಗೆ ಉರುಳಿ ಹಜಾರದ ಆ ತುದಿಯಲ್ಲಿ ಬಿದ್ದಿತ್ತು,
ಬಣ್ಣ ಉದುರಿ, ಒಳಗಿನ ಹಳದಿಯೆಲ್ಲ ಪುಡಿ.
ಒಂದು ದಿನವೂ ಅದು ಬಾಗಿಲು ಹಿಡಿದದ್ದಿಲ್ಲ.
ಎರಡೂ ಕೈ ಹಾಕಿದೆ, ಬೆನ್ನು ಬಗ್ಗಿಸಿದೆ,
ಉಸ್ಸೆಂದು ಎತ್ತಿದೆ.

ಬೆಳಿಗ್ಗೆ ಟೆಗ್ವೆನ್ ಫೋನು:
ಇನ್ನು ನೋಡುವುದಿಲ್ಲವಂತೆ, ಸತ್ತರೂ.
ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು,
ಈ ಶನಿವಾರ ಮೀನು ಯಾರ ಲೆಕ್ಕ?